ಅತ್ತೆ ಕೂರಿಸಿದ ದುರ್ಬೀನು

ಆ ಮನೆಯಲ್ಲಿ ಗೋಡೆಗೆ ನೇತುಹಾಕಿದ್ದು ಒಂದಾದರೂ ನೆಟ್ಟಗಿದ್ದರೆ ಕೇಳಿ. ಗಡಿಯಾರದ ಹನ್ನೆರಡು ನೆತ್ತಿಯ ಮೇಲೆ ಇರೋದು ಬಿಟ್ಟು ಎಡಕ್ಕೆ ಜಾರಿ ಕೂತಿತ್ತು. ಕನ್ನಡಿ ಎಡಕ್ಕೆ, ತೀರಿಕೊಂಡ ಮಾವನ ಫೋಟೋ ಎಡಕ್ಕೆ, ಮಗ ಸೊಸೆಯ ಮದುವೆ ಫೋಟೋವೂ ಎಡಕ್ಕೆ. ಎಲ್ಲವನ್ನೂ ಹಾಗೆ ಕೂರಿಸಿದವರು ಅತ್ತೆ. ಬಸ್ಸು ಓಡಿಸುವ ಮಗ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಸದ್ದಿಲ್ಲದೆ ಒಂದೊಂದನ್ನೂ ಬೆರಳಲ್ಲಿ ತಳ್ಳಿ ನೆಟ್ಟಗೆ ಮಾಡಿ ಹೋಗೋನು. ಸಂಜೆ ವಾಪಸು ಬರೋ ಹೊತ್ತಿಗೆ ಎಲ್ಲ ಮತ್ತೆ ಎಡಕ್ಕೆ.

"ಈ ಬಾಗಿಲು ಯಾರು ಧಡಾರ್ ಅಂತ ಹಾಕ್ತಾರೋ, ಗೋಡೆ ಮೇಲಿರೋದೆಲ್ಲ ಸೊಟ್ಟಗಾಗುತ್ತೆ," ಅಂತ ಅತ್ತೆ ಗೊಣಗೋರು. ಮಗ ಮುಖ ಆ ಕಡೆ ಮಾಡಿ ನಗು ನುಂಗಿಕೊಳ್ಳೋನು. ಸೊಸೆಯೂ ಹೊಸದರಲ್ಲಿ ನಕ್ಕಿದ್ದಳು. ಬರಬರುತ್ತಾ ಅವಳ ಕಣ್ಣಿಗೂ ಅದೇ ರೂಢಿಯಾಗಿ, ಪಕ್ಕದ ಮನೆಗೆ ಹೋದರೆ ಅಲ್ಲಿನ ಗಡಿಯಾರವೇ ಬಲಕ್ಕೆ ತಿರುಗಿದೆಯೇನೋ ಅನ್ನಿಸತೊಡಗಿತ್ತು.

ಇದೊಂದು ಬಿಟ್ಟರೆ ಅತ್ತೆಯ ಕಣ್ಣಿನ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿರಲಿಲ್ಲ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ಗುರಿ ಹೊಡೆಯುವ ಕ್ಲಬ್ಬಿನವರ ರೈಫಲ್‌ಗಳಿಗೆ ಏನೇ ಕಾಯಿಲೆ ಬಂದರೂ ಅಲ್ಲಿಗೇ ಬರಬೇಕು. ಸ್ಪ್ರಿಂಗು ಸೋತಿದೆಯೋ, ಬೆರಳಲ್ಲಿ ಎಳೆಯುವ ಕುದುರೆ ಒರಟಾಗಿದೆಯೋ, ಹಿಡಿಯ ಮರ ಹಸಿಗಾಳಿಗೆ ಉಬ್ಬಿ ನಳಿಗೆಯನ್ನು ಒತ್ತುತ್ತಿದೆಯೋ, ಅತ್ತೆ ಒಮ್ಮೆ ಎತ್ತಿ ಹಿಡಿದು, ಒಮ್ಮೆ ಕಿವಿ ಹತ್ತಿರ ತಂದು ಬೋಲ್ಟ್ ಎಳೆದು ಬಿಟ್ಟರೆ ಸಾಕು, ಕಾಯಿಲೆ ಬಾಯಿಬಿಡುತ್ತಿತ್ತು. ಹಾಗಾಗಿ ಕ್ಲಬ್ಬಿನಲ್ಲಿ ಅವರು ಎಲ್ಲರಿಗೂ ಡಾಕ್ಟ್ರಮ್ಮ. ಸೊಸೆಗೆ ಗುರಿ ಕಲಿಸಿದವರೂ ಅವರೇ. ಮದುವೆಯಾದ ಹೊಸದರಲ್ಲಿ ರಿಪೇರಿ ಮಾಡಿದ ರೈಫಲ್ ಒಂದನ್ನು ಪರೀಕ್ಷೆ ಮಾಡಲು ಹೋಗುವಾಗ ಜೊತೆಗಿರಲಿ ಅಂತ ಕರೆದುಕೊಂಡು ಹೋಗಿ, ಸುಮ್ಮನೆ ಒಂದು ಹೊಡಿ ನೋಡೋಣ ಅಂದಿದ್ದರು. ಹೊಡೆದಳು. ಅತ್ತೆ ಗುರಿಹಲಗೆ ನೋಡಲಿಲ್ಲ, ಸೊಸೆಯ ಬೆನ್ನು ನೋಡಿದರು. ಮನೆಗೆ ಬಂದು ಮಗನಿಗೆ ಹೇಳಿದರು, "ಇವಳ ಉಸಿರು ಇವಳು ಹೇಳಿದ ಮಾತು ಕೇಳುತ್ತೆ ಕಣೋ. ಇವಳನ್ನ ಬರೀ ಒಲೆ ಮುಂದೆ ನಿಲ್ಲಿಸಿದ್ರೆ ನಮ್ಮಂಥ ದಡ್ಡರಿಲ್ಲ."

ಈಗ ಆ ಡಾಕ್ಟ್ರಮ್ಮನ ಮೇಜಿನ ಮೇಲೆ ಸೊಸೆಯ ರೈಫಲ್ಲೇ ಮಲಗಿತ್ತು. ಒಂದು ದಿನ ಬಿಟ್ಟು ತಂಡದ ಆಯ್ಕೆ. ಹತ್ತಿರದ್ದು, ನಡುವಿನದು, ದೂರದ್ದು ಅಂತ ಮೂರು ಗುರಿ. ತಂಡದಲ್ಲಿ ಖಾಲಿ ಉಳಿದಿದ್ದದ್ದು ಒಂದೇ ಜಾಗ. ಹೋದ ವರ್ಷ ಎಲ್ಲರೂ ರೈಫಲ್ ಮೇಲೆ ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪ್ ಕೂರಿಸಿಕೊಂಡು ಬಂದಿದ್ದಾಗ ಇವಳು ನಳಿಗೆಯ ಮೇಲಿನ ಗುರಿ ನೋಡುವ ಹಳೇ ಕಬ್ಬಿಣದ ಮೊನೆಯನ್ನೇ ನಂಬಿ ಹೋಗಿ ಕೂದಲೆಳೆಯಲ್ಲಿ ಸೋತಿದ್ದಳು. ಈ ಸಲವೂ ತಪ್ಪಿದರೆ ಅವಳ ವಯಸ್ಸಿನವರನ್ನು ಮತ್ತೆ ಕರೆಯುವವರಿಲ್ಲ. ಹಿಂದೆ ಎಳೆ ಹುಡುಗಿಯರ ಸಾಲೇ ಇತ್ತು. ಅದಕ್ಕೇ ಅತ್ತೆ ತಾವಾಗಿಯೇ ಹೋಗಿ ಸ್ಕೋಪ್ ತಂದಿದ್ದರು. ಅವರು ಮಾತ್ರ ಅದನ್ನು ದುರ್ಬೀನು ಅನ್ನುತ್ತಿದ್ದರು.

ಅತ್ತೆ ದುರ್ಬೀನು ಕೂರಿಸುವುದನ್ನು ನೋಡುವುದೇ ಒಂದು ಚಂದ. ಮೊದಲು ಕೈ ತೊಳೆದರು. ರೈಫಲ್ ಬೆನ್ನಿನ ಪಟ್ಟಿಯ ಎಣ್ಣೆಯನ್ನೆಲ್ಲ ತಿನ್ನರ್ ಬಟ್ಟೆಯಲ್ಲಿ ಒರೆಸಿ, ಉಗುರಲ್ಲಿ ಗೀರಿ ನೋಡಿ, ಇನ್ನೊಮ್ಮೆ ಒರೆಸಿದರು. "ಎಣ್ಣೆ ಮೇಲೆ ಬಿಗಿ ಮಾಡಿದ್ದು ಬಿಗಿಯಲ್ಲ, ಬರೀ ಭ್ರಮೆ," ಅಂದರು. ಎರಡು ರಿಂಗುಗಳ ಮಧ್ಯೆ ಕೊಳವೆ ಕೂರಿಸಿ, ಸೊಸೆಯನ್ನು ಹಿಂದೆ ಮುಂದೆ ಸರಿಸಿ, ಅವಳ ಕಣ್ಣಿಗೂ ಗಾಜಿಗೂ ಎಷ್ಟು ದೂರ ಬೇಕು ಅಂತ ನೋಡಿದರು. "ಹತ್ತಿರ ಇಟ್ಟರೆ ರೈಫಲ್ ಒದ್ದಾಗ ಹುಬ್ಬಿಗೆ ಮುತ್ತು ಕೊಡುತ್ತೆ, ಆಮೇಲೆ ನನ್ನ ಮಗ ನನ್ನನ್ನ ಕೇಳ್ತಾನೆ." ರೈಫಲನ್ನು ಮೇಜಿಗೆ ಬಿಗಿದಿದ್ದ ವೈಸಿನ ಹಲ್ಲಲ್ಲಿ ಕಚ್ಚಿಸಿ, ಎದುರಿನ ಬಿಳಿ ಗೋಡೆಯ ಕಡೆ ತಿರುಗಿಸಿ, ದುರ್ಬೀನಿನೊಳಗಿನ ನಿಂತ ಗೆರೆ ಸರಿಯಾಗಿ ನೆಟ್ಟಗಾಗುವ ತನಕ ಕೊಳವೆಯನ್ನು ಒಂದು ಚೂರು ಆಚೆ, ಒಂದು ಚೂರು ಈಚೆ ಮಾಡಿದರು. ಮೂಲೆಯಲ್ಲಿ ಮಟ್ಟ ನೋಡುವ ಗುಳ್ಳೆಯ ರಸಮಟ್ಟ ಬಿದ್ದಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣಿರುವಾಗ ಅದ್ಯಾಕೆ ಅನ್ನೋರು. ಆಮೇಲೆ ಸ್ಕ್ರೂಗಳನ್ನು ಎದುರುಬದುರು, ಇದಕ್ಕೊಂದಿಷ್ಟು ಅದಕ್ಕೊಂದಿಷ್ಟು ತಿರುಗಿಸುತ್ತಾ ಬಿಗಿ ಮಾಡಿದರು. ಸೊಸೆ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಮಾರನೇ ಬೆಳಗ್ಗೆ ಇಬ್ಬರೂ ಗುರಿ ಹೊಡೆಯುವ ಬಯಲಿಗೆ, ಕ್ಲಬ್ಬಿನ ರೇಂಜಿಗೆ ಹೋದರು. ದುರ್ಬೀನಿನ ಗೆರೆಯನ್ನೂ ಗುಂಡು ಬೀಳುವ ಜಾಗವನ್ನೂ ಒಂದು ಮಾಡಿ ಗುರಿ ಕೂಡಿಸಲು ಅದೊಂದೇ ದಿನ, ಅದೂ ಮಧ್ಯಾಹ್ನದ ತನಕ. ರೇಂಜ್ ನೋಡಿಕೊಳ್ಳುವವನ ಬಾಯಲ್ಲಿ ಸದಾ ಒಂದು ಸೀಟಿ. ಅದಕ್ಕೇ ಅವನ ಹೆಸರೂ ಸೀಟಿ. ಒಳ್ಳೆಯವನೇ, ಆದರೆ ಹೊತ್ತಿನ ವಿಷಯದಲ್ಲಿ ಹೆತ್ತಮ್ಮ ಬಂದರೂ ಬಿಡುವವನಲ್ಲ. "ಡಾಕ್ಟ್ರಮ್ಮ, ಹನ್ನೆರಡಕ್ಕೆ ಊದಿಬಿಡ್ತೀನಿ. ನಾಳೆಗೆ ಗುರಿಹಲಗೆಗಳನ್ನೆಲ್ಲ ಬದಲಾಯಿಸಬೇಕು," ಅಂತ ಬಾಗಿಲಲ್ಲೇ ಹೇಳಿದ.

ಅತ್ತೆ ಬೋಲ್ಟ್ ಕಳಚಿ, ನಳಿಗೆಯ ಹಿಂದಿನಿಂದ ಇಣುಕಿ, ಆ ತೂತಿನ ನಡುವೆ ಹತ್ತಿರದ ಗುರಿಯ ಕಪ್ಪು ಚುಕ್ಕಿ ಬರುವ ಹಾಗೆ ರೈಫಲನ್ನು ಮರಳುಚೀಲದ ಮೇಲೆ ಒರಗಿಸಿದರು. ಆಮೇಲೆ ರೈಫಲ್ ಅಲುಗದ ಹಾಗೆ ದುರ್ಬೀನಿನ ತಿರುಪು ತಿರುಗಿಸಿ, ಅದರ ಗೆರೆಗಳೂ ಅದೇ ಚುಕ್ಕಿಯ ಮೇಲೆ ಬರುವಂತೆ ಮಾಡಿದರು. "ಇಷ್ಟಕ್ಕೆ ಗುಂಡು ಹಲಗೆಯ ಮೇಲಾದ್ರೂ ಬೀಳುತ್ತೆ. ಈಗ ಮೂರು ಹೊಡಿ. ಮಧ್ಯೆ ತಿರುಪು ಮುಟ್ಟಬೇಡ."

"ಮೊದಲನೇದೇ ಆಚೆ ಹೋದ್ರೆ?"

"ಹೋಗ್ಲಿ ಬಿಡು. ಒಂದೇ ಗುಂಡಿನ ಮಾತು ಕೇಳಿ ತಿರುಪು ತಿರುಗಿಸೋರು ಸಂಜೆ ತನಕ ತಿರುಗಿಸ್ತಾನೇ ಇರ್ತಾರೆ. ಮೂರೂ ಸೇರಿ ಏನು ಹೇಳ್ತವೆ ಅದನ್ನ ಕೇಳು."

ಸೊಸೆ ಚಾಪೆಯ ಮೇಲೆ ಬೋರಲು ಮಲಗಿದಳು. ಮೂರೂ ಗುಂಡು ಚುಕ್ಕಿಯ ಕೆಳಗೆ, ಬಲಕ್ಕೆ, ಒಂದರ ಪಕ್ಕ ಒಂದು ಕೂತವು. ಅತ್ತೆ ಪಕ್ಕದ ಮುಕ್ಕಾಲಿಯ ಮೇಲಿದ್ದ ಇನ್ನೊಂದು ದೊಡ್ಡ ದುರ್ಬೀನಿನಲ್ಲಿ ನೋಡಿ, ಮೇಲಕ್ಕಿಷ್ಟು ಎಡಕ್ಕಿಷ್ಟು ಅಂದರು. ಸೊಸೆ ತಿರುಪು ತಿರುಗಿಸಿದಳು. ಕಟಕಟ ಸದ್ದು ಬೆರಳಿಗೇ ಕೇಳಿಸುವಂತಿತ್ತು. ಮುಂದಿನ ಮೂರು ಚುಕ್ಕಿಯ ನಡುವಿಗೆ ಬಂದು ಒಂದೇ ತೂತಾಯಿತು. ಅತ್ತೆ ಸೊಸೆಯ ಹಿಮ್ಮಡಿಯನ್ನು ಬೆರಳಲ್ಲಿ ಒಮ್ಮೆ ತಟ್ಟಿದರು. ಕ್ಲಬ್ಬಿನಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ.

ತೊಂದರೆ ಶುರುವಾದದ್ದು ದೂರದ ಗುರಿಗೆ ಹೋದಾಗ. ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡು ಕೆಳಕ್ಕೆ ಇಳಿದುಬಿಡುತ್ತೆ, ಅದಕ್ಕೆ ಮೇಲಿನ ತಿರುಪನ್ನು ಚೆನ್ನಾಗಿಯೇ ತಿರುಗಿಸಬೇಕು. ತಿರುಗಿಸಿ ಹೊಡೆದಳು. ಎತ್ತರ ಸರಿಯಿತ್ತು. ಮೂರೂ ಒತ್ತಟ್ಟಿಗೆ ಇದ್ದವು. ಆದರೆ ಎಡಕ್ಕೆ, ಚುಕ್ಕಿ ಬಿಟ್ಟು ಎಡಕ್ಕೆ.

"ಬೆರಳು ಎಳೀತಿದೀಯ," ಅಂದರು ಅತ್ತೆ.

ಮತ್ತೆ ಹೊಡೆದಳು. ಎಡಕ್ಕೆ. ಗಾಳಿಯೇನೋ ಅಂತ ನೋಡಿದರೆ ಬಾವುಟಗಳು ಒಣಹಾಕಿದ ಬಟ್ಟೆಯ ಹಾಗೆ ಜೋಲುಬಿದ್ದಿದ್ದವು. ಅತ್ತೆ ಪಟ್ಟಿಯ ಸ್ಕ್ರೂ ನೋಡಿದರು, ಬಿಗಿ. ರಿಂಗು ನೋಡಿದರು, ಬಿಗಿ. ಬೇರೆ ಡಬ್ಬಿಯ ಗುಂಡು ಕೊಟ್ಟರು, ಅವೂ ಎಡಕ್ಕೇ ಹೋದವು. ಸೀಟಿ ಹತ್ತಿರ ಬಂದು, "ಅಷ್ಟೇ ತಾನೇ, ಪಕ್ಕದ ತಿರುಪು ನಾಲ್ಕು ಸಲ ಬಲಕ್ಕೆ ತಿರುಗಿಸಿ, ಮುಗೀತು," ಅಂದ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲಿ ಸರಿಹೋದ್ರೆ ಹತ್ತಿರದ ಗುರಿ ಬಲಕ್ಕೆ ಹೋಗುತ್ತೆ. ನಾಳೆ ಮೂರೂ ಗುರಿ ಹೊಡೀಬೇಕು ಇವಳು. ತೇಪೆ ಹಾಕಿದ ರೈಫಲ್ ಕೊಟ್ಟು ಕಳಿಸಲ್ಲ ನಾನು." ಸೀಟಿ ಕೈ ಮುಗಿದು ಹಿಂದೆ ಸರಿದ.

ಅತ್ತೆ ಎಣ್ಣೆಗೈ ತೊಳೆಯಲು ನಲ್ಲಿಯ ಕಡೆ ಹೋದರು. ಸೊಸೆ ಮಲಗಿದಲ್ಲೇ ದುರ್ಬೀನಿಗೆ ಕಣ್ಣಿಟ್ಟು ಸುಮ್ಮನೆ ನೋಡುತ್ತಾ ಇದ್ದಳು. ನಾಳೆ ಇದೇ ರೈಫಲ್ ಹಿಡಿದು ಹೋದರೆ ಹೋದ ವರ್ಷಕ್ಕಿಂತ ಕಡೆ. ದುಂಡನೆಯ ಕಪ್ಪು ಚುಕ್ಕಿಯನ್ನು ಬಿಟ್ಟು ಅವಳ ಕಣ್ಣು ಹಾಗೇ ಪಕ್ಕಕ್ಕೆ ಹೋಯಿತು, ಹಲಗೆ ನಿಲ್ಲಿಸಿದ ಗೂಟದ ಮೇಲೆ. ದುರ್ಬೀನಿನ ನಿಂತ ಗೆರೆ ಗೂಟದ ಬುಡದಲ್ಲಿ ಅದಕ್ಕೆ ಅಂಟಿಕೊಂಡಿತ್ತು, ಮೇಲೆ ಹೋಗುತ್ತಾ ಬಿಟ್ಟುಕೊಂಡಿತ್ತು. ಗೂಟ ಸೊಟ್ಟಗಿರಬೇಕು ಅಂದುಕೊಂಡಳು. ಪಕ್ಕದ ಗೂಟ ನೋಡಿದಳು, ಅದೂ ಹಾಗೇ. ಅದರಾಚೆಯದೂ ಹಾಗೇ. ಸಾಲಿಗೆ ಸಾಲೇ ಬಲಕ್ಕೆ ವಾಲಿದಂತಿತ್ತು.

ಪಕ್ಕದ ಮನೆಯ ಗಡಿಯಾರ ನೆನಪಾಯಿತು. ಇನ್ನೊಮ್ಮೆ ಗೂಟ ನೋಡಿದಳು.

ಗೂಟ ವಾಲಿಲ್ಲ, ಗೆರೆ ವಾಲಿದೆ. ಅತ್ತೆ ದುರ್ಬೀನನ್ನೂ ಗಡಿಯಾರ ಕೂರಿಸಿದ ಹಾಗೇ ಕೂರಿಸಿದ್ದಾರೆ. ಗೆರೆಯ ತಲೆ ಎಡಕ್ಕೆ ಇದ್ದರೆ, ತಿರುಪನ್ನು ಮೇಲಕ್ಕೆ ತಿರುಗಿಸಿದಷ್ಟೂ ಗುಂಡು ನೇರ ಮೇಲಕ್ಕೆ ಹೋಗುವುದಿಲ್ಲ, ಎಡಕ್ಕೆ ಏರುತ್ತೆ. ಹತ್ತಿರದಲ್ಲಿ ತಿರುಗಿಸುವುದೇ ಕಮ್ಮಿ, ಅದಕ್ಕೇ ಗೊತ್ತಾಗಿರಲಿಲ್ಲ. ಇದನ್ನು ಬೇರೆ ಯಾರಾದರೂ ನೋಡಿದ ತಕ್ಷಣ ಹೇಳಿಬಿಡುತ್ತಿದ್ದರು. ಅವಳಿಗೆ ಕಾಣಲಿಲ್ಲ, ಏಕೆಂದರೆ ಅವಳು ಆ ಮನೆಯ ಸೊಸೆ.

ಸ್ಕ್ರೂಡ್ರೈವರ್ ಚಾಪೆಯ ಮೇಲೇ ಇತ್ತು. ಅತ್ತೆ ಇನ್ನೂ ನಲ್ಲಿಯ ಹತ್ತಿರ. ಗಂಡ ಮಾಡುವ ಹಾಗೆ ಸದ್ದಿಲ್ಲದೆ ಒಂದಿಷ್ಟು ಸಡಿಲ ಮಾಡಿ, ತಿರುಗಿಸಿ, ಬಿಗಿ ಮಾಡಿದರೆ ಯಾರಿಗೂ ನೋವಿಲ್ಲ. ಅವಳ ಕೈ ಅದರ ಮೇಲೆ ಹೋಗಿಯೂ ಆಗಿತ್ತು. ಹಾಗೇ ನಿಂತಿತು. ಆ ಬಿಗಿ ಅತ್ತೆಯ ಬೆರಳಿಗಲ್ಲದೆ ಬೇರೆಯವರ ಬೆರಳಿಗೆ ಗೊತ್ತಿಲ್ಲ, ಅದೊಂದು. ಇನ್ನೊಂದು, ಮೈಗೆಲ್ಲ ಮರದ ಪುಡಿ ಎಣ್ಣೆ ಬಳಿದುಕೊಂಡು ತನಗೆ ಈ ವಿದ್ಯೆ ಕೊಟ್ಟ ಹೆಂಗಸನ್ನು ಮಗುವಿನ ಹಾಗೆ ಏಮಾರಿಸುವುದು ಅವಳಿಗೆ ಸೇರಲಿಲ್ಲ. ಗಡಿಯಾರಕ್ಕೆ ಅದು ನಡೆಯುತ್ತೆ, ಇದಕ್ಕೆ ನಡೆಯಲ್ಲ.

ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದರು. ಸೊಸೆ ಎದ್ದು ಕೂತಳು. "ಅತ್ತೆ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಬೇಜಾರಾಗೋ ಮಾತಿಗೇ ಜನ ಹಾಗನ್ನೋದು. ಹೇಳು."

"ದುರ್ಬೀನು ವಾಲಿದೆ. ಎಡಕ್ಕೆ."

"ನಾನೇ ಕೂರಿಸಿದ್ದು ಅದನ್ನ."

"ಹೌದು ಅತ್ತೆ."

"ನಾನು ಕೂರಿಸಿದ್ದು ವಾಲಿದೆ ಅಂತೀಯ."

ಸೊಸೆ ಗೂಟಗಳ ಸಾಲಿನ ಕಡೆ ಕೈ ತೋರಿಸಿದಳು. "ನಮ್ಮನೆ ಗಡಿಯಾರ ವಾಲಿಲ್ವಾ, ಹಾಗೆ."

"ಗಡಿಯಾರಕ್ಕೇನಾಗಿದೆ?" ಅಂದರು ಅತ್ತೆ.

ಸೀಟಿಗೆ ಇದ್ದಕ್ಕಿದ್ದಂತೆ ಆ ಕಡೆ ಏನೋ ಕೆಲಸ ನೆನಪಾಗಿ ಹೋಗಿಬಿಟ್ಟ. ಅತ್ತೆಯ ಮುಖ ಕೆಂಪಾಗಿತ್ತು. ಈ ಮಾತನ್ನು ಹೊರಗಿನವರು ಆಡಿದ್ದರೆ ಅವರ ರೈಫಲ್ ಜನ್ಮದಲ್ಲಿ ಆ ಮೇಜು ಹತ್ತುತ್ತಿರಲಿಲ್ಲ. ಸೊಸೆ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ.

"ಗೂಟ ನೋಡಿ ಹೇಳ್ತಿದೀಯ. ಗೂಟ ನೆಟ್ಟೋನು ಕುಡಿದಿದ್ದನೋ ಏನೋ," ಅಂದರು ಅತ್ತೆ ಕೊನೆಗೆ. "ಹಗ್ಗ ಇದ್ರೆ ತಾ. ಒಂದು ಇಟ್ಟಿಗೆ ತಾ."

ಹತ್ತಿರದ ಗುರಿಯ ಮೇಲಿನ ಅಡ್ಡಕಂಬಕ್ಕೆ ಬಿಳಿ ಹಗ್ಗ ಕಟ್ಟಿ, ತುದಿಗೆ ಇಟ್ಟಿಗೆ ಕಟ್ಟಿ ಇಳಿಬಿಟ್ಟು ಸೊಸೆ ಓಡುತ್ತಾ ವಾಪಸು ಬಂದಳು. ಅತ್ತೆ ಆಗಲೇ ಚಾಪೆಯ ಮೇಲೆ ಮಲಗಿ ದುರ್ಬೀನಿಗೆ ಕಣ್ಣಿಟ್ಟಿದ್ದರು. ತುಂಬಾ ಹೊತ್ತು ನೋಡಿದರು. ಗೆರೆ ಒಂದು ದಾರಿ, ಹಗ್ಗ ಒಂದು ದಾರಿ. ಆಮೇಲೆ ಕಣ್ಣು ತೆಗೆದು ಬರಿಗಣ್ಣಲ್ಲಿ ಹಗ್ಗ ನೋಡಿದರು.

"ಹಗ್ಗ ಬಲಕ್ಕೆ ವಾಲಿದೆ," ಅಂದರು. ಅಂದವರು ಇನ್ನೊಮ್ಮೆ ಇಟ್ಟಿಗೆ ನೋಡಿದರು. ಇಟ್ಟಿಗೆ ಕಟ್ಟಿದ ಹಗ್ಗ ಗಾಳಿಯಿಲ್ಲದ ದಿನ ಯಾವ ಕಡೆಗೂ ವಾಲುವುದಿಲ್ಲ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅತ್ತೆ ಎದ್ದು ಕೂತು, ಎರಡೂ ಕೈಯಲ್ಲಿ ತಮ್ಮ ತಲೆಯನ್ನೇ ಹಿಡಿದರು. ನಿಧಾನಕ್ಕೆ ಬಲಕ್ಕೆ ತಂದರು. ಕತ್ತು ನೋಯುತ್ತಿರಬೇಕು, ತುಟಿ ಕಚ್ಚಿಕೊಂಡರು. ಹಗ್ಗ ನೆಟ್ಟಗಾಗುವ ತನಕ ತಂದು ಅಲ್ಲೇ ಹಿಡಿದು ಕೂತರು.

"ನಾನು ಮೆಟ್ಟಿಲಿಂದ ಬಿದ್ದಿದ್ದೆನಲ್ಲ, ನಿನ್ನ ಮಾವ ತೀರಿಕೊಂಡ ವರ್ಷ," ಅಂದರು. "ಕತ್ತು ಹಿಡ್ಕೊಂಡಿತ್ತು. ಬಿಟ್ಟುಹೋಯ್ತು ಅಂತಲೇ ತಿಳ್ಕೊಂಡಿದ್ದೆ."

ಆ ಕ್ಲಬ್ಬಿನಲ್ಲಿ ಗುರಿ ತಪ್ಪಿದವರನ್ನೆಲ್ಲ ಅವಳು ನೋಡಿದ್ದಳು. ಒಬ್ಬ ಗಾಳಿಯನ್ನು ಬೈಯುತ್ತಾನೆ, ಒಬ್ಬ ಗುಂಡನ್ನು ಬೈಯುತ್ತಾನೆ, ಇನ್ನೊಬ್ಬ ಬೆಳಗ್ಗೆ ಜಗಳ ತೆಗೆದ ಹೆಂಡತಿಯನ್ನು ಬೈಯುತ್ತಾನೆ. ತನ್ನ ಕಣ್ಣೇ ಸೊಟ್ಟ ಇರಬಹುದು ಅಂತ ಹಗ್ಗ ತರಿಸಿ ನೋಡಿದವರು ಯಾರೂ ಇರಲಿಲ್ಲ. ಅತ್ತೆಯ ಮೇಲೆ ಅವಳಿಗೆ ಮೊದಲಿಂದಲೂ ಗೌರವವಿತ್ತು. ಈಗ ಅವರ ಕಾಲಿಗೆ ಬೀಳಬೇಕು ಅನ್ನಿಸುವಷ್ಟು ಅಭಿಮಾನ ಉಕ್ಕಿ ಬಂತು.

"ಏನು ಬಾಯಿಬಿಟ್ಕೊಂಡು ನೋಡ್ತಿದೀಯ? ಹೊತ್ತಾಗುತ್ತೆ," ಅಂದರು ಅತ್ತೆ. "ಲೇ ಸೀಟಿ, ರಸಮಟ್ಟ ಇದ್ರೆ ತಗೊಂಬಾ."

ಸೀಟಿ ಓಡೋಡಿ ತಂದ. ಅತ್ತೆ ರಿಂಗುಗಳನ್ನು ಸಡಿಲಿಸಿ, ರೈಫಲ್ ಬೆನ್ನಿನ ಪಟ್ಟಿಗೆ ರಸಮಟ್ಟ ಅಡ್ಡ ಇಟ್ಟು, ಗುಳ್ಳೆ ನಡುವೆ ಬಂತಾ ಅಂತ ಸೊಸೆಯನ್ನೇ ಕೇಳಿದರು. ಬಂತು. ಮರಳುಚೀಲ ಒತ್ತಿ ರೈಫಲ್ ಅಲುಗದಂತೆ ಮಾಡಿದರು. "ಈಗ ನೀನು ನೋಡು, ನಾನು ತಿರುಗಿಸ್ತೀನಿ. ಗೆರೆ ಹಗ್ಗದ ಮೇಲೆ ಕೂತಾಗ ಹೇಳು. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಮೊದಲೇ ಸಾಕು ಅನ್ನಬೇಡ."

"ಇನ್ನೂ, ಅತ್ತೆ. ಇನ್ನೂ. ಒಂದು ಕೂದಲು ಹಿಂದಕ್ಕೆ. ಹ್ಞಾಂ, ಸಾಕು."

ಅತ್ತೆಯ ಬೆರಳು ಸ್ಕ್ರೂಗಳ ಮೇಲೆ ಹೋದವು. ಇದಕ್ಕೊಂದಿಷ್ಟು, ಅದಕ್ಕೊಂದಿಷ್ಟು. ಗೆರೆ ಹಗ್ಗ ಬಿಟ್ಟು ಕದಲಲಿಲ್ಲ. ಕಣ್ಣು ಸೊಸೆಯದು, ಕೈ ಅತ್ತೆಯದು.

ಹತ್ತಿರದ ಗುರಿಗೆ ಮತ್ತೆ ಮೂರು ಹೊಡೆದು, ತಿರುಪನ್ನು ಎರಡು ಸಲ ಕಟ್ ಅನ್ನಿಸಿ, ಇನ್ನು ಮೂರು ಹೊಡೆದು ಗುರಿ ಕೂಡಿಸಿದರು. ದೂರದ ಗುರಿಗೆ ತಿರುಪು ತಿರುಗಿಸುವಷ್ಟರಲ್ಲಿ ಸೀಟಿ ಕೈಗಡಿಯಾರ ನೋಡುತ್ತಾ, ಸೀಟಿಯನ್ನು ತುಟಿಗಿಟ್ಟು ನಿಂತಿದ್ದ. ಸೊಸೆ ಅವನ ಕಡೆ ನೋಡಲಿಲ್ಲ. ಉಸಿರು ಬಿಟ್ಟಳು, ಹೊಡೆದಳು. ಮತ್ತೆ ಹೊಡೆದಳು. ಹನ್ನೆರಡು ಆಗಿಯೂ ಹೋಗಿರಬೇಕು, ಸೀಟಿಯವನ ಕೆನ್ನೆ ಉಬ್ಬಿತ್ತು, ಊದಲಿಲ್ಲ. ಮೂರನೆಯದೂ ಹೋಯಿತು. ಆಮೇಲೆ ಊದಿದ, ಆ ದಿನದ ಕೋಪವನ್ನೆಲ್ಲ ಸೇರಿಸಿ ಊದಿದ.

ಅತ್ತೆ ದೊಡ್ಡ ದುರ್ಬೀನಿನಲ್ಲಿ ನೋಡಿ ಪಕ್ಕಕ್ಕೆ ಸರಿದು, ಸೊಸೆಗೆ ಜಾಗ ಬಿಟ್ಟರು. "ನೀನೇ ನೋಡು. ಇನ್ನು ಮೇಲೆ ನೀನೇ ನೋಡೋದು."

ಮೂರೂ ಚುಕ್ಕಿಯ ನಡುವೆ ಇದ್ದವು.

ಮಾರನೇ ದಿನ ಆಯ್ಕೆಯಲ್ಲಿ ಸೊಸೆ ಮೂರೂ ಗುರಿ ಹೊಡೆದು ಆ ಒಂದು ಜಾಗ ಗಿಟ್ಟಿಸಿಕೊಂಡಳು. ಎಳೆ ಹುಡುಗಿಯರೇ ಬಂದು ಕೈ ಕುಲುಕಿ ಹೋದರು. ಅತ್ತೆ ಅಂಕ ಎಷ್ಟು ಅಂತ ಕೇಳಲಿಲ್ಲ. "ಎಡಕ್ಕೆ ಹೋಯ್ತಾ?" ಅಂತ ಮಾತ್ರ ಕೇಳಿದರು. ಇಲ್ಲ ಅತ್ತೆ ಅಂದಳು. ಸರಿ ಅಂತ ರೈಫಲ್ ಚೀಲ ತಾವೇ ಹೆಗಲಿಗೆ ಹಾಕಿಕೊಂಡು ನಡೆದರು.

ಸಂಜೆ ಅವರು ಅಂಗಡಿಯಿಂದ ಸುತ್ತಿಗೆ ಮೊಳೆ ಹಿಡಿದು ಬಂದು, ಆಯ್ಕೆಯಲ್ಲಿ ಸೊಸೆ ಹೊಡೆದ ದೂರದ ಗುರಿಯ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸೊಸೆಯನ್ನು ಕರೆದರು. ಮಗ ಕೆಲಸ ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದ. ಅಮ್ಮ ಗೋಡೆಗೆ ಏನನ್ನಾದರೂ ಹಚ್ಚುವಾಗ ಇನ್ನೊಬ್ಬರನ್ನು ಕೇಳಿದ್ದನ್ನು ಅವನು ಕಂಡಿರಲಿಲ್ಲ.

"ನೆಟ್ಟಗಿದೆಯಾ?" ಅಂದರು ಅತ್ತೆ.

"ಇಲ್ಲ ಅತ್ತೆ. ಒಂಚೂರು ಬಲಕ್ಕೆ." ತಿರುಗಿಸಿದರು. "ಸಾಕು." ಮೊಳೆ ಹೊಡೆದರು. ಆಮೇಲೆ ಗಡಿಯಾರ, ಕನ್ನಡಿ, ಮದುವೆ ಫೋಟೋ, ಒಂದೊಂದನ್ನೂ ಹಿಡಿದು ಕೇಳುತ್ತಾ ಹೋದರು. ಸೊಸೆ ಹೇಳಿದಷ್ಟೇ ತಿರುಗಿಸಿದರು. ಮಗ ಕಣ್ಣು ಒರೆಸಿಕೊಂಡು, ಬಸ್ಸಿನ ಹೊಗೆ ಅಂದ.

ಕೊನೆಗೆ ಮಾವನ ಫೋಟೋದ ಮುಂದೆ ನಿಂತರು. ಅದನ್ನು ಮುಟ್ಟಲಿಲ್ಲ. "ಇವರೂನಾ?" ಅಂದರು.

"ಇವರೂ ವಾಲಿದಾರೆ ಅತ್ತೆ."

"ಇಷ್ಟು ವರ್ಷ ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಬಾಯಿಬಿಟ್ರಾ?"

ಸೊಸೆ ಒಮ್ಮೆ ಫೋಟೋ ನೋಡಿದಳು, ಒಮ್ಮೆ ಅದರ ಕೆಳಗೆ ಎಡಗಡೆ ಇದ್ದ ಅತ್ತೆಯ ಕುರ್ಚಿ ನೋಡಿದಳು. ಅವರು ದಿನಾ ಸಂಜೆ ಕೂರುತ್ತಿದ್ದ ಕುರ್ಚಿ ಅದು. "ಮಾವ ನಿಮ್ಮ ಕಡೆಗೇ ವಾಲಿದಾರಲ್ಲ ಅತ್ತೆ," ಅಂದಳು. "ಅದೊಂದು ಹಾಗೇ ಇರ್ಲಿ."

ಅತ್ತೆ ಸುತ್ತಿಗೆಯನ್ನು ಸೊಸೆಯ ಕೈಗೆ ಕೊಟ್ಟು, ಹೋಗಿ ಆ ಕುರ್ಚಿಯಲ್ಲಿ ಕೂತರು.

"ಹ್ಞೂಂ," ಅಂದರು. "ಇರ್ಲಿ."